ಹೋಗುವಾಗ ಬಸ್ಸು, ಬರುವಾಗ ರೈಲು

ಬುಧವಾರ

ಚಿಕ್ಕಮ್ಮನ ಮಂಡಿ ಆಪರೇಷನ್ ಆಗಿ ತಿಂಗಳು ಕಳೆದಿತ್ತು. "ಒಡಹುಟ್ಟಿದವಳನ್ನ ಫೋನಲ್ಲೇ ವಿಚಾರಿಸಿಕೊಂಡು ಕೂತಿದ್ದೀನಿ ನೋಡು" ಅಂತ ಅಮ್ಮ ದಿನಕ್ಕೆರಡು ಸಲ ಕೊರಗುತ್ತಿದ್ದಳು. ಈ ಶನಿವಾರ ಭಾನುವಾರ ಮಂಗಳೂರಿಗೆ ಹೋಗಿ ಬಂದುಬಿಡೋಣ ಅಂತ ನಾನಂದದ್ದೇ ತಡ, ಬ್ಯಾಗಿಗೆ ಎರಡು ಸೀರೆ ಬಿದ್ದಾಗಿತ್ತು. ಯಾವುದರಲ್ಲಿ ಹೋಗೋದು ಅನ್ನೋದು ಮಾತ್ರ ಬಗೆಹರಿಯಲಿಲ್ಲ.

"ರೈಲಲ್ಲೇ ಹೋಗೋಣ ಕಣೋ. ಬಸ್ಸಲ್ಲಿ ಘಾಟಿ ಇಳಿಯೋದು ನನ್ನ ಕೈಲಾಗಲ್ಲ."

"ಸ್ಲೀಪರ್ ಬಸ್ಸು ಅತ್ತೆ, ಮಲಗಿ ಎದ್ದರೆ ಮಂಗಳೂರು. ರೈಲಲ್ಲಿ ಹಗಲು ಹೋದರೆ ಶನಿವಾರ ಪೂರ್ತಿ ಕಿಟಕಿ ಪಕ್ಕದಲ್ಲೇ ಮುಗಿದುಹೋಗುತ್ತೆ" ಅಂದಳು ನನ್ನ ಹೆಂಡತಿ. ಮಗನ ಪರೀಕ್ಷೆಯಿಂದಾಗಿ ಅವಳು ಬರುವವಳಲ್ಲ. ಬರದೇ ಇರುವವರ ಸಲಹೆ ಯಾವಾಗಲೂ ಸ್ಪಷ್ಟವಾಗಿರುತ್ತದೆ.

ಅಮ್ಮನ ರೈಲು ಪ್ರೀತಿಗೆ ದುಡ್ಡಿನ ಲೆಕ್ಕ ಕಾರಣವಲ್ಲ. ಲೆಕ್ಕ ನೋಡಿದರೆ ಅವಳು ಕೆಂಪು ಬಸ್ಸಿನ ಕಡೆಗಿರಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ತೋರಿಸಿದರೆ ಸಾಕು, ಬೆಂಗಳೂರಿಂದ ಮಂಗಳೂರಿನವರೆಗೂ ಅವಳಿಗೆ ಪುಕ್ಕಟೆ. ಅದೇ ರೈಲಿನಲ್ಲಿ ಹಿರಿಯ ನಾಗರಿಕ ಹೆಂಗಸರಿಗೆ ಅರ್ಧ ಟಿಕೆಟ್ ಇದ್ದದ್ದು 2020ರ ಮಾರ್ಚ್‌ನಲ್ಲಿ ನಿಂತಿತು, ಮತ್ತೆ ಶುರುವಾಗಲಿಲ್ಲ. ಆದರೂ ರೈಲು. ಯಾಕೆ ಅಂತ ಕೇಳಿದರೆ "ಎದ್ದು ಓಡಾಡಬಹುದು" ಅನ್ನುತ್ತಾಳೆ. ಓಡಾಡುವುದು ಎಂದರೆ ಎಲ್ಲಿಗೆ ಅಂತ ನನಗೆ ಅರ್ಥವಾಗಿದ್ದು ಶುಕ್ರವಾರ ರಾತ್ರಿ.

ಶುಕ್ರವಾರದ ರಾತ್ರಿ ರೈಲು ನೋಡಿದೆ, ಸ್ಲೀಪರ್ ವೇಟಿಂಗ್ ಲಿಸ್ಟ್ 61. ರೈಲಿನ ಬುಕಿಂಗ್ 60 ದಿನ ಮೊದಲೇ ತೆರೆದುಕೊಳ್ಳುತ್ತದೆ. ಮೊದಲು 120 ಇತ್ತು, 2024ರ ನವೆಂಬರ್‌ನಿಂದ ಅರ್ಧ ಮಾಡಿದರು. ಊರಿಗೆ ಹೋಗುವ ಕರಾವಳಿಯವರು ಅರವತ್ತನೇ ದಿನ ಬೆಳಗ್ಗೆ ಎಂಟಕ್ಕೇ ಕೂತು ಶುಕ್ರವಾರಗಳನ್ನು ಬಾಚಿಕೊಂಡಿರುತ್ತಾರೆ. ಬುಧವಾರ ನಿರ್ಧಾರ ಮಾಡಿ ಶುಕ್ರವಾರ ಹೊರಡುವವನಿಗೆ ಉಳಿಯುವುದು ತತ್ಕಾಲ್ ಒಂದೇ.

ಗುರುವಾರ

ತತ್ಕಾಲ್ ಎ.ಸಿ. ದರ್ಜೆಗೆ ಹತ್ತಕ್ಕೆ, ಸ್ಲೀಪರ್‌ಗೆ ಹನ್ನೊಂದಕ್ಕೆ ತೆರೆಯುತ್ತದೆ. ಆಫೀಸಿನ ಮೀಟಿಂಗಲ್ಲಿ ಕ್ಯಾಮೆರಾ ಆಫ್ ಮಾಡಿ, ಅಮ್ಮನ ಹೆಸರು ವಯಸ್ಸು ಮೊದಲೇ ತುಂಬಿಸಿಟ್ಟು, ಹನ್ನೊಂದಾಗುವುದನ್ನೇ ಕಾಯುತ್ತಿದ್ದೆ. ಎಲ್ಲ ಸರಿಯಾಗಿಯೇ ನಡೆದಿತ್ತು. ದುಡ್ಡು ಕಟ್ಟುವ ಹೊತ್ತಿಗೆ ಒಟಿಪಿ ಹೋದದ್ದು ನನ್ನ ಹಳೇ ಸಿಮ್ಮಿಗೆ. ಆ ಸಿಮ್ಮು ಮಗನ ಟ್ಯಾಬಿನಲ್ಲಿ, ಟ್ಯಾಬು ಮನೆಯಲ್ಲಿ, ಮನೆಯಲ್ಲಿದ್ದ ಅಮ್ಮ ದೇವರ ಕೋಣೆಯಲ್ಲಿ. ಅವಳು ಕನ್ನಡಕ ಹುಡುಕಿ ಆರಂಕಿ ಓದಿ ಹೇಳುವಷ್ಟರಲ್ಲಿ ತತ್ಕಾಲ್ ಕೂಡ ವೇಟಿಂಗ್‌ಗೆ ಹೋಗಿತ್ತು. ತಪ್ಪು ಯಾರದು ಅಂತ ನಾವಿಬ್ಬರೂ ಚರ್ಚೆ ಮಾಡಲಿಲ್ಲ.

ಸರಿ, ಬಸ್ಸು. ಸರ್ಕಾರಿ ಬಸ್ಸುಗಳಲ್ಲಿ ರಾಜಹಂಸದಿಂದ ಹಿಡಿದು ಪಲ್ಲಕ್ಕಿ, ಐರಾವತ, ಅಂಬಾರಿವರೆಗೂ ನೋಡಿದೆ. ಒಬ್ಬರಿಗಾದರೆ ಅಲ್ಲೊಂದು ಇಲ್ಲೊಂದು ಇತ್ತು, ಇಬ್ಬರಿಗೆ ಒಟ್ಟಿಗೆ ಇರಲಿಲ್ಲ. ಕೊನೆಗೆ ಖಾಸಗಿ ಬಸ್ಸೊಂದರಲ್ಲಿ ಎರಡು ಬರ್ತ್ ಸಿಕ್ಕಿತು. ಅಮ್ಮನಿಗೆ ಕೆಳಗಿನದು, ಕೊನೇ ಸಾಲು. ನನಗೆ ಅದರ ಮೇಲಿನದು. ಮಂಗಳವಾರದ ಇದೇ ಬಸ್ಸಿನ ದರ ಸುಮ್ಮನೆ ತೆರೆದು ನೋಡಿದೆ, ಹೆಚ್ಚುಕಡಿಮೆ ಅರ್ಧ. ನೋಡಬಾರದಿತ್ತು.

ಬರುವಾಗ ಮಾತ್ರ ಭಾನುವಾರದ ಹಗಲು ರೈಲು ಅಂತ ಅಮ್ಮ ಹಟ ಹಿಡಿದಳು. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ 2021ರ ಜುಲೈನಿಂದ ಈ ದಾರಿಯ ಹಗಲು ರೈಲುಗಳಲ್ಲಿದೆ, ಬೋಗಿಗೆ 44 ಸೀಟು. ಅದು ಎಂದೋ ಭರ್ತಿಯಾಗಿತ್ತು. ಸೆಕೆಂಡ್ ಸಿಟ್ಟಿಂಗ್‌ನಲ್ಲಿ ಎರಡು ಸೀಟು ಸಿಕ್ಕಿತು, ಒಬ್ಬರಿಗೆ ಇನ್ನೂರು ರೂಪಾಯಿಯೂ ಆಗಲಿಲ್ಲ. "ಗಾಜು ಯಾರಿಗೆ ಬೇಕು, ಕಿಟಕಿ ತೆಗೆಯೋಕೆ ಬರಬೇಕು" ಅಂದಳು ಅಮ್ಮ. ದ್ರಾಕ್ಷಿ ಹುಳಿ ಅಂದುಕೊಂಡೆ. ಭಾನುವಾರ ಆ ಮಾತು ವಾಪಸ್ ತಗೊಂಡೆ.

ಶುಕ್ರವಾರ ರಾತ್ರಿ

ಪಿಕಪ್ ಗೊರಗುಂಟೆಪಾಳ್ಯ, ಹತ್ತೂ ಕಾಲಕ್ಕೆ. ಹತ್ತಕ್ಕೇ ಹೋಗಿ ನಿಂತೆವು. ತುಮಕೂರು ರಸ್ತೆಯ ಆ ಅಂಚಿನಲ್ಲಿ ಶುಕ್ರವಾರ ರಾತ್ರಿ ನಿಂತವರಿಗೆ ಗೊತ್ತು, ಪಶ್ಚಿಮಕ್ಕೂ ಉತ್ತರಕ್ಕೂ ಹೊರಟ ಅರ್ಧ ಬೆಂಗಳೂರು ಟ್ರಾಲಿ ಬ್ಯಾಗ್ ಹಿಡಿದು ಅಲ್ಲೇ ಇರುತ್ತದೆ. ಪ್ರತಿ ಬಸ್ಸೂ ಒಂದೇ ಥರ ಕಾಣುತ್ತದೆ. ಎಲ್ಲರೂ ಓಡಿಹೋಗಿ ಬೋರ್ಡ್ ಓದಿ ವಾಪಸ್ ಬರುತ್ತಾರೆ. "ಉಡುಪಿ, ಕುಂದಾಪುರ!" "ಶಿವಮೊಗ್ಗ, ಸಾಗರ!" "ಹುಬ್ಬಳ್ಳಿ ಸೀಟಿದೆ, ಹುಬ್ಬಳ್ಳಿ!" ಡ್ರೈವರಿಗೆ ಫೋನ್ ಮಾಡಿದರೆ "ಮೆಜೆಸ್ಟಿಕ್ ಬಿಟ್ಟಿದ್ದೀನಿ ಸಾರ್, ಇನ್ನೈದು ನಿಮಿಷ." ಆ ಐದು ನಿಮಿಷ ಒಂದು ಗಂಟೆ ನಡೆಯಿತು. ಅಮ್ಮ ಬ್ಯಾಗಿನ ಮೇಲೆ ಕೂತಿದ್ದಳು. ಕೂರಲು ಬೇರೇನೂ ಇರಲಿಲ್ಲ.

ಇಷ್ಟು ಹೊತ್ತೂ ಅವಳ ಕೈಯಲ್ಲಿ ಸ್ಟೀಲಿನ ನೀರಿನ ಬಾಟಲಿ ಇತ್ತು. ಕುಡಿಯಲಿಲ್ಲ. ಸಂಜೆ ಏಳರಿಂದಲೂ ಕುಡಿದಿಲ್ಲ ಅಂತ ಆಗ ಹೊಳೆಯಿತು.

"ಒಂದು ಗುಟುಕು ಕುಡಿಯಮ್ಮ."

"ಆಮೇಲೆ ಎಲ್ಲಿ ನಿಲ್ಲಿಸ್ತಾನೋ ಏನೋ."

ಎದ್ದು ಓಡಾಡುವುದು ಅಂದರೆ ಇದು. ಅರವತ್ತೆಂಟು ವರ್ಷದ, ಸಕ್ಕರೆ ಕಾಯಿಲೆಯ ಹೆಂಗಸು, ಹೊಸಬ ಡ್ರೈವರನ ಕ್ಯಾಬಿನ್ ಬಾಗಿಲು ತಟ್ಟಿ ನಿಲ್ಲಿಸಪ್ಪಾ ಅಂತ ಕೇಳಬೇಕು, ಅದೂ ಕೊನೇ ಸಾಲಿನಿಂದ ಬಸ್ಸಿನುದ್ದಕ್ಕೂ ಕತ್ತಲಲ್ಲಿ ತಡಕಾಡಿಕೊಂಡು ಹೋಗಿ. ಅದಕ್ಕಿಂತ ಬಾಯಾರಿಕೆ ವಾಸಿ ಅನ್ನಿಸಿರಬೇಕು. ಬಸ್ಸು ಎಷ್ಟು ಗಂಟೆ, ರೈಲು ಎಷ್ಟು ಗಂಟೆ ಅಂತ ಅಕ್ಕಪಕ್ಕ ಇಟ್ಟು ಹೋಲಿಸುತ್ತಿದ್ದ ನನ್ನ ತಲೆಗೆ ಈ ಬಾಟಲಿ ಬಂದಿರಲೇ ಇಲ್ಲ.

ಬಸ್ಸು ಬಂತು. ಒಳಗೆ ಚೆನ್ನಾಗಿಯೇ ಇತ್ತು: ಮಡಿಸಿಟ್ಟ ಕಂಬಳಿ, ಪರದೆ, ಫೋನ್ ಚಾರ್ಜಿಗೆ ಪಾಯಿಂಟು. ಕೊನೇ ಸಾಲಿನ ಕಷ್ಟ ಗೊತ್ತಾದದ್ದು ನೆಲಮಂಗಲ ದಾಟಿದ ಮೇಲೆ. ಹಿಂದಿನ ಚಕ್ರದಿಂದಾಚೆ ಬಸ್ಸಿನ ಬಾಲ ಚಾಚಿಕೊಂಡಿರುತ್ತದಲ್ಲ, ರೋಡ್ ಹಂಪಿನ ಮೇಲೆ ಚಕ್ರ ಹತ್ತಿಳಿದಾಗ ಆ ತುದಿ ಏತದ ಹಾಗೆ ಎಗರುತ್ತದೆ. ಮುಂದಿನವರಿಗೆ ಗೊತ್ತೂ ಆಗದ ಹಂಪು ನಮ್ಮನ್ನು ಎರಡು ಬೆರಳು ಮೇಲೆತ್ತಿ ಕೆಡವುತ್ತಿತ್ತು. ಎರಡು ಆಕ್ಸಲ್‌ಗಳ ನಡುವಿನ ಬರ್ತ್‌ಗಳು ಎಲ್ಲಕ್ಕಿಂತ ಮೊದಲು ಭರ್ತಿಯಾಗುವುದು ಸುಮ್ಮನೆ ಅಲ್ಲ.

ಒಂದೂವರೆಗೆ ಚನ್ನರಾಯಪಟ್ಟಣದ ಆಚೆ ಒಂದು ಹೋಟೆಲ್ ಮುಂದೆ ನಿಲ್ಲಿಸಿದರು. ಟ್ಯೂಬ್‌ಲೈಟಿನ ಬೆಳಕು, ಆಗ ತಾನೇ ನಿದ್ದೆಯಿಂದೆದ್ದ ಮುಖಗಳು, ಯಾವುದೋ ಹಳೇ ಹಾಡು. ಅಮ್ಮ ಶೌಚಾಲಯಕ್ಕೆ ಹೋಗಿಬಂದು ಅರ್ಧ ಲೋಟ ನೀರು ಕುಡಿದಳು. ಇನ್ನು ಬೆಳಗಿನವರೆಗೆ ಸಾಕು ಅನ್ನುವ ಹಾಗೆ ಮುಚ್ಚಳ ಬಿಗಿ ಮಾಡಿದಳು.

ಸಕಲೇಶಪುರ ಆದ ಮೇಲೆ ಘಾಟಿ. ಮೇಲಿನ ಬರ್ತಿನಲ್ಲಿ ಶಿರಾಡಿ ಇಳಿಯುವುದು ಎಂದರೆ ಮೊರದಲ್ಲಿ ಹಾಕಿ ಕೇರಿದ ಹಾಗೆ. ಎಡ ತಿರುವಿಗೆ ಗಾಜಿಗೆ ಒರಗುತ್ತೀರಿ, ಬಲ ತಿರುವಿಗೆ ಪಕ್ಕದ ಕಂಬಿ ಪಕ್ಕೆಲುಬು ಎಣಿಸುತ್ತದೆ. ಎದುರಿಗೆ ಟ್ಯಾಂಕರ್ ಬಂದಾಗ ಪರದೆಯಾಚೆ ಬೆಳಕು ಉಜ್ಜಿಕೊಂಡು ಹೋಗುತ್ತದೆ. ನಿದ್ದೆ ಮಾಡಲು ಯತ್ನಿಸುವುದನ್ನು ಬಿಟ್ಟು ಕಿಟಕಿಯಲ್ಲಿ ನೋಡಿದೆ, ಕತ್ತಲಿನ ಮೇಲೆ ಕತ್ತಲು. ಇಡೀ ದಾರಿಯಲ್ಲಿ ನೋಡುವಂಥದ್ದು ಇರುವುದೇ ಇಲ್ಲಿ, ಅದನ್ನು ಬಸ್ಸು ದಾಟಿಸುವುದು ರಾತ್ರಿ ಮೂರೂವರೆಗೆ.

ಗುಂಡ್ಯದ ಹತ್ತಿರ ಕೆಳಗಿಂದ ದನಿ ಬಂತು. "ಎಚ್ಚರ ಉಂಟಾ?"

ಉಂಟಾ! ಅಮ್ಮ ಪುತ್ತೂರಿನ ಕಡೆಯವಳು. ಮದುವೆಯಾಗಿ ಘಾಟಿ ಹತ್ತಿ ನಲವತ್ತೈದು ವರ್ಷವಾಯಿತು, ಮಾತು ಪೂರ್ತಿ ನಮ್ಮ ಕಡೆಯದೇ ಆಗಿದೆ. ಆದರೆ ಘಾಟಿ ಇಳಿದ ಕೂಡಲೇ ನಾಲಿಗೆ ತಿರುಗಿಬಿಡುತ್ತದೆ.

ಶನಿವಾರ

ಆರೂಕಾಲಕ್ಕೆ ಪಂಪ್‌ವೆಲ್‌ನಲ್ಲಿ ಇಳಿದೆವು. ಒಂದು ಗಂಟೆ ತಡವಾಗಿ ಹೊರಟ ಬಸ್ಸು ಹತ್ತು ಹದಿನೈದು ನಿಮಿಷ ಮಾತ್ರ ತಡವಾಗಿ ಮುಟ್ಟಿತ್ತು. ಆ ಉಳಿದ ಮುಕ್ಕಾಲು ಗಂಟೆಯನ್ನು ಡ್ರೈವರ್ ಎಲ್ಲಿ ಗಳಿಸಿದ ಅಂತ ಯೋಚಿಸದೇ ಇರುವುದು ಒಳ್ಳೆಯದು.

ಚಿಕ್ಕಪ್ಪ ಗೇಟಿನಲ್ಲೇ ನಿಂತಿದ್ದರು. "ಬಸ್ಸಲ್ಲಿ ಬಂದದ್ದಾ? ಎಂತದು ಮಾರಾಯ, ಅಕ್ಕನನ್ನು ಈ ಪ್ರಾಯದಲ್ಲಿ?" ಅಂತ ನನಗೆ. ಅಮ್ಮ ನನ್ನ ಪರ ವಹಿಸುತ್ತಾಳೆ ಅಂದುಕೊಂಡೆ. ಅವಳು ಅದಾಗಲೇ ಒಳಗೆ ಹೋಗಿ ತಂಗಿಯ ಮಂಡಿಯ ಹೊಲಿಗೆ ಗುರುತು ನೋಡುತ್ತಿದ್ದಳು.

ಆ ದಿನದ ಬಗ್ಗೆ ನಾನು ಬರೆಯುವಂಥದ್ದು ಹೆಚ್ಚಿಲ್ಲ, ಯಾಕೆಂದರೆ ನೀರುದೋಸೆ ತಿಂದು ಒಂಬತ್ತಕ್ಕೆ "ಸ್ವಲ್ಪ ಹೊತ್ತು" ಮಲಗಿದವನು ಎದ್ದದ್ದು ಎರಡೂವರೆಗೆ. ರಾತ್ರಿ ಬಸ್ಸು ಹಗಲನ್ನು ಉಳಿಸಿಕೊಡುತ್ತದೆ ಅನ್ನುವ ಹೆಂಡತಿಯ ವಾದ ನೆನಪಾಯಿತು. ಉಳಿಸಿಕೊಟ್ಟಿತ್ತು, ನಿಜ, ನಾನು ಅದನ್ನು ಚಿಕ್ಕಪ್ಪನ ಮಂಚದ ಮೇಲೆ ಖರ್ಚು ಮಾಡಿದೆ. ಎದ್ದು ಹೊರಗೆ ಬಂದರೆ ಅಕ್ಕತಂಗಿ ಇಬ್ಬರೂ ಬೆಳಗ್ಗೆ ಕೂತಿದ್ದ ಜಗಲಿಯಲ್ಲೇ ಕೂತಿದ್ದರು, ಮಾತು ಮುಗಿದಿರಲಿಲ್ಲ. ಅಮ್ಮ ಕಣ್ಣು ಕೂಡ ಮುಚ್ಚಿರಲಿಲ್ಲವಂತೆ.

ಸಂಜೆ ಚಿಕ್ಕಪ್ಪನ ಜೊತೆ ಕದ್ರಿ ದೇವಸ್ಥಾನಕ್ಕೆ ಹೋಗಿ ಬಂದೆ. ದಾರಿಯುದ್ದಕ್ಕೂ ಅವರದು ಘಾಟಿಯದೇ ಮಾತು. ಕರಾವಳಿಯಲ್ಲಿ ಒಂದು ತಲೆಮಾರಿಗೆ ಬೆಂಗಳೂರು ಎಂದರೆ ಘಾಟಿ ತೆರೆದಿದೆಯೋ ಇಲ್ಲವೋ ಅನ್ನುವ ಪ್ರಶ್ನೆ. ಹಾಸನ–ಮಂಗಳೂರು ಮೀಟರ್‌ಗೇಜ್ ರೈಲು ಶುರುವಾಗಿದ್ದು 1979ರಲ್ಲಿ. ಬ್ರಾಡ್‌ಗೇಜ್ ಮಾಡುತ್ತೇವೆ ಅಂತ 1996ರಲ್ಲಿ ಘಾಟಿ ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ.

"ಹನ್ನೊಂದು ವರ್ಷ! ನನ್ನ ಮಗಳು ಒಂದನೇ ಕ್ಲಾಸಿಗೆ ಸೇರುವಾಗ ನಿಂತ ರೈಲು, ಕಾಲೇಜು ಮುಟ್ಟಿದ ಮೇಲೆ ಬಂತು. ಅಷ್ಟರಲ್ಲಿ ನಮಗೆಲ್ಲ ಬಸ್ಸೇ ಅಭ್ಯಾಸ ಆಗಿ ಹೋಯ್ತು" ಅಂದರು.

"ರಸ್ತೆನೂ ಮುಚ್ಚಿದ್ದರಲ್ಲ ಚಿಕ್ಕಪ್ಪ?"

"ಅದೂ ಉಂಟು. ಕಾಂಕ್ರೀಟ್ ಹಾಕ್ಲಿಕ್ಕೆ 2015ರಲ್ಲಿ ಒಮ್ಮೆ, 2018ರಲ್ಲಿ ಒಮ್ಮೆ, ತಿಂಗಳುಗಟ್ಟಲೆ. ಆಗ ಚಾರ್ಮಾಡಿಯಲ್ಲಿ ಸುತ್ತು ಹಾಕಿ ಹೋಗುದು. ಮಳೆಗಾಲದಲ್ಲಿ ಕೇಳುದೇ ಬೇಡ."

2024ರ ಜುಲೈ ನನಗೂ ನೆನಪಿತ್ತು. ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ರೈಲು ಸುಮಾರು ಎರಡು ವಾರ ನಿಂತಿತ್ತು. ಅದೇ ಹೊತ್ತಿಗೆ ಶಿರಾಡಿ ರಸ್ತೆಗೂ ಗುಡ್ಡ ಕುಸಿದಿತ್ತು. ನಾವು ಹೋಗಿದ್ದು ಜನವರಿ, ಆ ಚಿಂತೆ ಇರಲಿಲ್ಲ. ಜುಲೈನಲ್ಲಾದರೆ ಬಸ್ಸೋ ರೈಲೋ ಅನ್ನುವುದನ್ನು ನಾವಲ್ಲ, ಮಳೆ ತೀರ್ಮಾನಿಸುತ್ತದೆ.

ಭಾನುವಾರ

"ಜಂಕ್ಷನ್ನಿಗೆ ಹೋಗಿ, ಸೆಂಟ್ರಲ್‌ಗೆ ಅಲ್ಲ" ಅಂತ ಚಿಕ್ಕಪ್ಪ ಮೂರು ಸಲ ಹೇಳಿದರು. ಊರ ಮಧ್ಯೆ ಇರುವುದು ಸೆಂಟ್ರಲ್. ಬೆಂಗಳೂರಿನ ಹಗಲು ರೈಲು ಹೊರಡುವುದು ಪಡೀಲ್ ಕಡೆಯ ಜಂಕ್ಷನ್ನಿಂದ. ಹಳಬರು ಈಗಲೂ ಕಂಕನಾಡಿ ಸ್ಟೇಷನ್ ಅನ್ನುತ್ತಾರೆ. ಆಟೋದವನಿಗೆ ಬರೀ ರೈಲ್ವೆ ಸ್ಟೇಷನ್ ಅಂದು, ಸೆಂಟ್ರಲ್‌ನಲ್ಲಿಳಿದು ರೈಲು ತಪ್ಪಿಸಿಕೊಂಡ ನೆಂಟರ ಪಟ್ಟಿಯೇ ಅವರ ಹತ್ತಿರ ಇದೆ.

ಚಿಕ್ಕಮ್ಮ ಅಕ್ಕನಿಗೆ ಒಂದು ಪೊಟ್ಟಣ ಸಾಂತಾಣಿ ಕೊಟ್ಟಿದ್ದಳು. ಹಲಸಿನ ಬೀಜ ಉಪ್ಪಲ್ಲಿ ಬೇಯಿಸಿ ಒಣಗಿಸಿದ್ದು, ಕಲ್ಲಿನ ಹಾಗಿರುತ್ತದೆ. ಬಾಯಲ್ಲಿಟ್ಟುಕೊಂಡರೆ ಒಂದು ಸ್ಟೇಷನ್ ದಾಟುತ್ತದೆ.

ಬಂಟ್ವಾಳ ಬಿಟ್ಟು ನೇತ್ರಾವತಿ ದಾಟಿ ಕಬಕ ಪುತ್ತೂರು. ಇಲ್ಲಿ ಅಮ್ಮ ಎದ್ದು ಬಾಗಿಲ ಹತ್ತಿರ ಹೋಗಿ ಎರಡು ನಿಮಿಷ ನಿಂತಳು. ಏನು ನೋಡಿದಳು ಅಂತ ನಾನು ಕೇಳಲಿಲ್ಲ. ಬಂದವಳು ಸೀಟಿನಲ್ಲಿ ಕೂತು ಬಾಟಲಿ ತೆಗೆದು ಗಟಗಟ ಅರ್ಧ ಕುಡಿದಳು.

ಸುಬ್ರಹ್ಮಣ್ಯ ರೋಡ್‌ನಲ್ಲಿ ಕುಕ್ಕೆಯಿಂದ ಬಂದವರು ಪ್ರಸಾದದ ಚೀಲಗಳೊಂದಿಗೆ ತುಂಬಿಕೊಂಡರು. ರೈಲು ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಮೊದಲ ಸಲ ಬಂದವರು ಯಾಕೆ ಹೊರಡುತ್ತಿಲ್ಲ ಅಂತ ಚಡಪಡಿಸುತ್ತಾರೆ. ನಾನು ಇಳಿದು ಹಿಂದಿನ ತುದಿಗೆ ನಡೆದೆ. ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್‌ಗಳು ಮೆಲ್ಲಗೆ ಬಂದು ಕೊನೇ ಬೋಗಿಗೆ ತಾಗಿದವು. ಕೊಂಡಿ ಬೀಳುವಾಗ ಆದ ಸದ್ದಿಗಿಂತ ಅದು ಬೋಗಿಯಿಂದ ಬೋಗಿಗೆ ದಾಟುತ್ತಾ ಮುಂದಕ್ಕೆ ಹೋದದ್ದು ಚೆನ್ನಾಗಿತ್ತು, ಸರಪಳಿ ಎಳೆದ ಹಾಗೆ. ಇಲ್ಲಿಂದ ಸಕಲೇಶಪುರದವರೆಗೆ 55 ಕಿಲೋಮೀಟರ್, ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು. ಕಾರಿಗೆ ಅದು ಏರೇ ಅಲ್ಲ. ನುಣುಪು ಕಬ್ಬಿಣದ ಮೇಲೆ ನುಣುಪು ಕಬ್ಬಿಣದ ಚಕ್ರ ಇಟ್ಟು ಇಡೀ ರೈಲನ್ನು ಎಳೆಯುವಾಗ ಅದು ಗೋಡೆ. ಅದಕ್ಕೇ ಹಿಂದಿನಿಂದಲೂ ತಳ್ಳಬೇಕು. ವೇಗವೂ ಅಷ್ಟೇ, 30 ಕಿಲೋಮೀಟರ್ ಮೀರುವ ಹಾಗಿಲ್ಲ.

ಈ ಘಾಟಿಯಲ್ಲಿ 57 ಸುರಂಗ. ಅಮ್ಮ ಎಣಿಸುತ್ತೇನೆ ಅಂತ ಹಟ ತೊಟ್ಟಳು. ಒಂದೊಂದು ಸುರಂಗಕ್ಕೆ ಒಂದೊಂದು ಸಾಂತಾಣಿ ಪೊಟ್ಟಣದಿಂದ ತೆಗೆದು ಮಡಿಲಿಗೆ. ಎದುರು ಸೀಟಿನ ಐದಾರು ವರ್ಷದ ಹುಡುಗಿ ಸಹಾಯಕ್ಕೆ ನಿಂತಳು. ಪ್ರತಿ ಸುರಂಗಕ್ಕೂ ಬೋಗಿಯ ಮಕ್ಕಳೆಲ್ಲ ಹೋ ಅಂತ ಕೂಗುತ್ತಾರೆ. ಹತ್ತನೆಯದಕ್ಕೆ ಕೂಗು ಕಡಿಮೆಯಾಗಬಹುದು ಅಂದುಕೊಂಡೆ, ಆಗಲಿಲ್ಲ. ತೆರೆದ ಕಿಟಕಿಯಿಂದ ತಣ್ಣನೆ ಗಾಳಿ, ಒದ್ದೆ ಕಲ್ಲಿನ ವಾಸನೆ. ಹೊರಗೆ ಬಂದರೆ ಸೇತುವೆ, ಕೆಳಗೆಲ್ಲೋ ಜನವರಿಯ ಸಣ್ಣ ನೀರು, ಮತ್ತೆ ಕತ್ತಲು. ಗಾಜಿನ ಬೋಗಿಯಲ್ಲಿ ಆಕಾಶ ಹೆಚ್ಚು ಕಾಣಬಹುದು. ಈ ವಾಸನೆ ಒಳಗೆ ಬರುತ್ತಿರಲಿಲ್ಲ.

ಎಡಕುಮೇರಿ ಆದ ಮೇಲಿನ ಒಂದು ಸುರಂಗದಲ್ಲಿ ಕಂಡದ್ದು: ಗೋಡೆಯಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಗೂಡು ಕೊರೆದಿರುತ್ತಾರೆ, ಅದರೊಳಗೆ ಕಿತ್ತಳೆ ಜಾಕೆಟ್‌ನ ಟ್ರ್ಯಾಕ್‌ಮನ್ ಬೆನ್ನು ಗೋಡೆಗೆ ಒತ್ತಿ ನಿಂತಿದ್ದ. ಕಿಟಕಿಗೂ ಅವನಿಗೂ ಒಂದು ಮೊಳ. ಬೋಗಿಯ ಬೆಳಕು ಅವನ ಮುಖದ ಮೇಲೆ ಕಿಟಕಿ ಕಿಟಕಿಯಾಗಿ ಹಾದುಹೋಯಿತು. ಅವನು ನಮ್ಮನ್ನು ನೋಡಲಿಲ್ಲ. ಟಾರ್ಚ್ ಹಿಡಿದು ಚಕ್ರಗಳನ್ನು ನೋಡುತ್ತಿದ್ದ.

ಅಮ್ಮ ಈ ಮಧ್ಯೆ ಎರಡು ಸಲ ಎದ್ದು ಓಡಾಡಿ ಬಂದಳು. ಬಾಟಲಿ ಖಾಲಿಯಾಯಿತು, ಸಕಲೇಶಪುರದಲ್ಲಿ ಇಳಿದು ತುಂಬಿಸಿಕೊಂಡು ಬಂದೆ. ಬ್ಯಾಂಕರ್‌ಗಳು ಅಲ್ಲಿ ಕಳಚಿಕೊಂಡವು. ಮಡಿಲು ಎಣಿಸಿದರೆ ಐವತ್ಮೂರು. ಹುಡುಗಿಯ ಕೆನ್ನೆ ಎರಡೂ ಕಡೆ ಉಬ್ಬಿತ್ತು.

ಹಾಸನದ ನಂತರ ರೈಲಿನ ಪರ ನನ್ನ ವಾದ ಸಡಿಲವಾಗತೊಡಗಿತು. ಸುಳ್ಳು ಯಾಕೆ ಹೇಳಲಿ. ಶ್ರವಣಬೆಳಗೊಳ, ಕುಣಿಗಲ್ ಮೇಲಿನ ಈ ನೇರ ಹಳಿ 2017ರಲ್ಲಿ ತೆರೆಯದಿದ್ದರೆ ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತಿ ಬರಬೇಕಿತ್ತು, ಅದು ಗೊತ್ತಿದೆ. ಆದರೂ ಸೆಕೆಂಡ್ ಸಿಟ್ಟಿಂಗ್‌ನ ನೆಟ್ಟಗಿನ ಬೆನ್ನಿನ ಸೀಟು ಎಂಟನೇ ಗಂಟೆಯ ಹೊತ್ತಿಗೆ ತನ್ನ ಬೆಲೆ ಯಾಕೆ ಇನ್ನೂರರೊಳಗೆ ಅಂತ ವಿವರಿಸಲು ಶುರುಮಾಡುತ್ತದೆ. ಕಿಟಕಿಯಾಚೆ ರಾಗಿ ಕೊಯ್ದ ಹೊಲ, ತೆಂಗು, ಹೊತ್ತು ಮುಳುಗಿತು. ಬಸ್ಸಾಗಿದ್ದರೆ ಇಷ್ಟು ಹೊತ್ತಿಗೆ ಮಂಗಳೂರಲ್ಲಿ ಸಂಜೆಯ ಕಾಫಿ ಕುಡಿದು ರಾತ್ರಿ ಹತ್ತಕ್ಕೆ ಹತ್ತುತ್ತಿದ್ದೆವು ಅನ್ನುವ ಯೋಚನೆ ಬಂತು. ಹಿಂದೆಯೇ, ಸೋಮವಾರ ಬೆಳಗ್ಗೆ ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗೆ ಆ ಬಸ್ಸು ತೆವಳುವ ಚಿತ್ರವೂ ಬಂತು. ಸುಮ್ಮನಾದೆ.

ಕತ್ತಲಾದ ಮೇಲೆ ಯಶವಂತಪುರ. ಮೆಟ್ಟಿಲು ಹತ್ತಿ ಇಳಿಯುವಾಗ ಅಮ್ಮನ ಮಾತು ಮತ್ತೆ ನಮ್ಮ ಕಡೆಯದಾಗಿತ್ತು. "ಬ್ಯಾಗ್ ಕೊಡೋ, ನಾನೂ ಒಂದು ಹಿಡ್ಕೋತೀನಿ."

ಸೋಮವಾರ

ನನ್ನ ಹಾಸಿಗೆಯಲ್ಲಿ ಎದ್ದು, ಸ್ನಾನ ಮಾಡಿ, ಸಮಯಕ್ಕೆ ಸರಿಯಾಗಿ ಆಫೀಸಿಗೆ ಹೋದೆ. ಸಂಜೆ ಬಂದಾಗ ಅಮ್ಮ ಚಿಕ್ಕಮ್ಮನ ಜೊತೆ ಫೋನಿನಲ್ಲಿದ್ದಳು. ಸುರಂಗ ಐವತ್ಮೂರೇ, ಉಳಿದದ್ದೆಲ್ಲ ಸುಳ್ಳು ಅಂತ ವಾದ. ಇಟ್ಟ ಮೇಲೆ ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ ಬೆರಳಿಟ್ಟು ಎಣಿಸತೊಡಗಿದಳು.

"ಅರವತ್ತು ದಿನ ಅಂದ್ಯಲ್ಲ, ಈಗಲೇ ಮಾಡಿದರೆ ಮಾರ್ಚ್‌ಗೆ ಸಿಗುತ್ತಾ?"

"ಸಿಗುತ್ತೆ. ಹೋಗೋಕೂ ಬರೋಕೂ ರೈಲೇ ಮಾಡಿಬಿಡಲಾ?"

"ಬೇಡ. ಹೋಗೋಕೆ ಬಸ್ಸೇ ಇರಲಿ."

ನಾನು ಅವಳ ಮುಖ ನೋಡಿದೆ.

"ಬೆಳಗ್ಗೆ ಆರಕ್ಕೆಲ್ಲ ಅವಳ ಮನೇಲಿದ್ನಲ್ಲೋ. ಇಡೀ ಶನಿವಾರ ಸಿಕ್ತು. ಆದ್ರೆ ಈ ಸಲ ನಡುವಿನ ಬರ್ತ್ ನೋಡು. ಆ ಹಿಂದಿನ ಚಕ್ರದ ಮೇಲೆ ಮಾತ್ರ ಬೇಡ."